ಜಾಹೀರಾತುಗಳೂ ಜನರ ದೂರುಗಳೂ

ಹೋದ ತಿಂಗಳಿನ ಒಂದು ಭಾನುವಾರ ಬೆಳಗ್ಗೆ ನಾವು ಕುಂದಲಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ವೃತ್ತಪತ್ರಿಕೆಯನ್ನು ಬಿಡಿಸುತ್ತಿದ್ದಾಗ, ಅದರ ಮಡಿಕೆಯೊಳಗಿನಿಂದ ನುಣ್ಣನೆಯ ಬಣ್ಣದ ಕರಪತ್ರವೊಂದು ಜಾರಿ ನೆಲಕ್ಕೆ ಬಿದ್ದಿತು. ನಮ್ಮ ಮೊಮ್ಮಗಳು ಅದನ್ನು ಎತ್ತಿಕೊಂಡಳು. ಅವಳಿಗೆ ಒಂಬತ್ತು ವರ್ಷ. ಕೈಗೆ ಸಿಕ್ಕ ಕಾಗದವನ್ನೆಲ್ಲ ಓದುವ ಸ್ವಭಾವ. ಈ ರೋಗವು ನಮ್ಮಿಂದಲೇ ಅಂಟಿದ್ದೆಂದು ಮನೆಯವರ ಆರೋಪ. ಕರಪತ್ರವು ಸಮೀಪದ ಬ್ಯೂಟಿ ಪಾರ್ಲರ್ ಒಂದಕ್ಕೆ ಸೇರಿದ್ದು. ಅದರಲ್ಲಿ ಒಬ್ಬಳೇ ಹುಡುಗಿಯ ಎರಡು ಮುಖಗಳನ್ನು ಅಕ್ಕಪಕ್ಕದಲ್ಲಿ ಅಚ್ಚುಮಾಡಿಸಿದ್ದರು. ಎಡಗಡೆಯ ಮುಖವು ಕಪ್ಪಾಗಿದ್ದು, ಕಣ್ಣನ್ನು ಕೆಳಗೆಮಾಡಿ ಅಳುಮೋರೆಯಲ್ಲಿತ್ತು. ಬಲಗಡೆಯದು ಬೆಳ್ಳಗಿದ್ದು ನಗುತ್ತಿತ್ತು. ಅವುಗಳ ಕೆಳಗೆ 'ಮೊದಲು', 'ನಂತರ' ಎಂದು ಎರಡೇ ಮಾತುಗಳು. ಮಗು ಅದನ್ನು ಸ್ವಲ್ಪ ಹೊತ್ತು ನೋಡಿ, "ತಾತ, ಈ 'ಮೊದಲು' ಅನ್ನೋ ಹುಡುಗಿ ನನ್ನ ಹಾಗೇ ಇದ್ದಾಳೆ, ಅಲ್ವಾ?" ಎಂದಳು.

ಅದು ನೊಂದು ಆಡಿದ ಮಾತಲ್ಲ. ಅಂಗಳದ ಗಿಡದಲ್ಲಿ ಹೂ ಬಿಟ್ಟಿದೆ ಎನ್ನುವಷ್ಟು ಸಹಜವಾಗಿ ಹೇಳಿದಳು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಬಂದ ನಮಗೆ ಆ ಹೊತ್ತಿನಲ್ಲಿ ಒಂದು ವಾಕ್ಯವೂ ಒದಗಲಿಲ್ಲ. "ಹಾಲು ಆರಿಹೋಗುತ್ತದೆ, ಒಳಗೆ ಹೋಗಮ್ಮ" ಎಂದು ಕಳುಹಿಸಿಬಿಟ್ಟೆವು.

ಅಂದಿನವರೆಗೆ ಜಾಹೀರಾತುಗಳ ಮೇಲೆ ದೂರು ಹೇಳುವವರಲ್ಲಿ ನಮಗೆ ಅಷ್ಟಾಗಿ ಆದರವಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಬೇರೆ ಕೆಲಸವಿಲ್ಲದವರು, ಎಲ್ಲದರಲ್ಲಿಯೂ ಕಲ್ಲು ಹುಡುಕುವವರು ಎಂದು ನಾವೂ ಹಾಸ್ಯಮಾಡಿದ್ದುಂಟು. ಆ ಭಾನುವಾರದ ಮೇಲೆ ವಿಷಯವನ್ನು ಮೊದಲಿನಿಂದ ವಿಚಾರಿಸುವುದು ಅವಶ್ಯವಾಯಿತು. ಜನರ ಮನಸ್ಸನ್ನು ನೋಯಿಸುವ ಜಾಹೀರಾತುಗಳ ಮೇಲೆ ಸಾರ್ವಜನಿಕರು ದೂರು ಕೊಡುವುದು ಯುಕ್ತವೇ, ಅಯುಕ್ತವೇ? ಯುಕ್ತವಾದರೆ ಎಂತಹ ದೂರು ಯುಕ್ತ? ವಾಚಕ ಮಹಾಶಯರೂ ಸೋದರಿಯರೂ ನಮ್ಮೊಡನೆ ಸ್ವಲ್ಪ ಯೋಚಿಸಬೇಕೆಂದು ಪ್ರಾರ್ಥನೆ.

ಮೊದಲು ಶಬ್ದವನ್ನು ನೋಡೋಣ. ಇದು ನಮ್ಮ ಹಳೆಯ ಚಾಳಿ. 'ಜಾಹೀರು' ಎಂಬುದು ಅರಬ್ಬಿಯಿಂದ ಬಂದ ಮಾತು. ಕಾಣುವಂಥದು, ಬಯಲಾದದ್ದು ಎಂದು ಅದರ ಅರ್ಥ. ಆದುದರಿಂದ ಜಾಹೀರಾತೆಂದರೆ ಬಯಲಿನಲ್ಲಿ ನಿಂತು ಎಲ್ಲರ ಕಿವಿಗೂ ಬೀಳುವಂತೆ ಆಡಿದ ಮಾತು. ವರ್ತಕನು ತನ್ನ ಅಂಗಡಿಯೊಳಗೆ ಗಿರಾಕಿಯೊಡನೆ ಆಡಿದ್ದು ಅವರಿಬ್ಬರ ವ್ಯವಹಾರ. ಅದೇ ಮಾತನ್ನು ಬಯಲಿಗೆ ತಂದು, ಕೇಳಬೇಕೆಂದು ಬಯಸದವನಿಗೂ ಕೇಳಿಸಿದರೆ, ಕೇಳಿದವನಿಗೆ ಬಯಲಿನಲ್ಲಿಯೇ ಮರುಮಾತು ಹೇಳುವ ಅಧಿಕಾರ ಉಂಟಾಗುತ್ತದೆ. ದೂರು ಎಂಬುದು ಈ ಮರುಮಾತಲ್ಲದೆ ಮತ್ತೇನೂ ಅಲ್ಲ.

ಇದಕ್ಕೆ ಪೂರ್ವಪಕ್ಷಗಳು ಮೂರು.

ಒಂದನೆಯದು: ಇಷ್ಟವಿಲ್ಲದವರು ನೋಡದಿದ್ದರೆ ಆಯಿತು. ಜಾಹೀರಾತು ಬೀದಿಯಲ್ಲಿ ಮಾತ್ರ ಇದ್ದ ಕಾಲದಲ್ಲಿ ಈ ಮಾತಿಗೆ ಸ್ವಲ್ಪ ಬೆಲೆ ಇತ್ತೇನೋ. 2018ರ ಆಗಸ್ಟ್ ತಿಂಗಳಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಆಜ್ಞೆಯಾಗಿ ಬೆಂಗಳೂರಿನ ಮಹಾನಗರ ಪಾಲಿಕೆಯು ಅನಧಿಕೃತ ಫ್ಲೆಕ್ಸುಗಳನ್ನೂ ಫಲಕಗಳನ್ನೂ ಕೀಳಿಸಿದಾಗ, ನಮ್ಮ ಬೀದಿಗಳು ಕೆಲವು ಕಾಲ ಮುಖ ತೊಳೆದುಕೊಂಡಂತೆ ಕಂಡವು. ಆದರೆ ಬೀದಿಯನ್ನು ಬಿಟ್ಟ ಜಾಹೀರಾತು ಮನೆಯನ್ನು ಬಿಡಲಿಲ್ಲ. ಅದು ಪತ್ರಿಕೆಯ ಮಡಿಕೆಯಲ್ಲಿ ಬರುತ್ತದೆ. ಊಟದ ಹೊತ್ತಿಗೆ ಟೆಲಿವಿಷನ್ನಿನಲ್ಲಿ ಬರುತ್ತದೆ. ಮಗುವು ಗಣಿತದ ಪಾಠವನ್ನು ನೋಡಲೆಂದು ತೆರೆದ ಮೊಬೈಲಿನಲ್ಲಿ ಪಾಠಕ್ಕಿಂತ ಮೊದಲು ಬರುತ್ತದೆ. ಕಣ್ಣು ಮುಚ್ಚಿಕೊಳ್ಳಿರೆಂದು ಹೇಳುವುದು ಸುಲಭ. ಒಂಬತ್ತು ವರ್ಷದ ಮಗುವು ಯಾವುದಕ್ಕೆ ಕಣ್ಣು ಮುಚ್ಚಬೇಕೆಂಬುದನ್ನು ನೋಡಿದ ಮೇಲಲ್ಲವೇ ತಿಳಿಯುವುದು?

ಎರಡನೆಯದು: ವರ್ತಕನಿಗೂ ವಾಕ್ ಸ್ವಾತಂತ್ರ್ಯ ಉಂಟು. ಇದು ನಿಜ. ಟಾಟಾ ಪ್ರೆಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ, ವ್ಯಾಪಾರದ ಜಾಹೀರಾತೂ ಸಂವಿಧಾನವು ಕೊಟ್ಟಿರುವ ವಾಕ್ ಸ್ವಾತಂತ್ರ್ಯದ ಒಂದು ಭಾಗವೆಂದು ತೀರ್ಪು ಕೊಟ್ಟಿತು. ಆದರೆ ಈ ಸ್ವಾತಂತ್ರ್ಯಕ್ಕೆ ಎಲ್ಲೆಗಳೂ ಉಂಟು. ರೋಗಗಳನ್ನು ಮಾಯಮಾಡುವುದಾಗಿ ಸಾರುವ ಔಷಧಗಳ ಜಾಹೀರಾತನ್ನು 1954ರ ಕಾನೂನು ತಡೆಯಿತು. ಸ್ತ್ರೀಯರನ್ನು ಅಸಭ್ಯವಾಗಿ ಚಿತ್ರಿಸುವುದನ್ನು 1986ರ ಕಾನೂನು ನಿಷೇಧಿಸಿತು. ಹಣವನ್ನು ಪಣವಿಡುವ ಆನ್‌ಲೈನ್ ಆಟಗಳ ಜಾಹೀರಾತನ್ನು 2025ರಲ್ಲಿ ಅಂಗೀಕೃತವಾದ ಕಾನೂನು ನಿಷೇಧಿಸುತ್ತದೆ. ಮೇಲಾಗಿ, ವರ್ತಕನಿಗೆ ಆಡುವ ಸ್ವಾತಂತ್ರ್ಯವಿದ್ದರೆ ಗೃಹಿಣಿಗೆ ಅದು ಸರಿಯಲ್ಲವೆನ್ನುವ ಸ್ವಾತಂತ್ರ್ಯವಿಲ್ಲವೇ? ದೂರು ಕೊಡುವವಳು ವಾಕ್ ಸ್ವಾತಂತ್ರ್ಯವನ್ನು ಕಸಿಯುವುದಿಲ್ಲ. ತನ್ನ ಪಾಲನ್ನು ಉಪಯೋಗಿಸಿಕೊಳ್ಳುತ್ತಾಳೆ.

ಮೂರನೆಯ ಪೂರ್ವಪಕ್ಷವೇ ಬಲವಾದದ್ದು: ಲೋಕದಲ್ಲಿ ಯಾರಿಗಾದರೂ ಒಬ್ಬರಿಗೆ ಕೋಪ ಬರಿಸದ ಮಾತೇ ಇಲ್ಲ, ಎಲ್ಲರ ದೂರನ್ನೂ ಮನ್ನಿಸುತ್ತ ಹೋದರೆ ಕೊನೆಗೆ ಬಿಳಿಯ ಕಾಗದವನ್ನು ಮಾತ್ರ ಅಚ್ಚುಮಾಡಬೇಕಾದೀತು. ಇದನ್ನು ತಳ್ಳಿಹಾಕುವಂತಿಲ್ಲ. ದೂರು ಅಯುಕ್ತವಾಗಿರುವುದೂ ಉಂಟು. ಅಯುಕ್ತವಾದ ದೂರು ಗೆದ್ದುಬಿಡುವುದೂ ಉಂಟು.

2020ರ ಅಕ್ಟೋಬರ್ ತಿಂಗಳಲ್ಲಿ ನಡೆದದ್ದು ಅನೇಕರಿಗೆ ನೆನಪಿರಬಹುದು. ನಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೇ ಪ್ರಧಾನ ಕಚೇರಿಯುಳ್ಳ ಟೈಟನ್ ಸಂಸ್ಥೆಯ ತನಿಷ್ಕ್ ಆಭರಣಗಳಿಗೆ ಒಂದು ಚಲಚ್ಚಿತ್ರದ ಜಾಹೀರಾತು ಹೊರಟಿತು. ಮುಸಲ್ಮಾನರ ಮನೆಗೆ ಸೊಸೆಯಾಗಿ ಬಂದ ಹಿಂದೂ ಹುಡುಗಿಗೆ, ಆಕೆಯ ಅತ್ತೆಯು ಹುಡುಗಿಯ ತೌರಿನ ಸಂಪ್ರದಾಯದಂತೆ ಸೀಮಂತದ ಏರ್ಪಾಡು ಮಾಡುವುದೇ ಅದರ ಕಥೆ. ಇದರ ಮೇಲೆ ದೊಡ್ಡ ಕೋಲಾಹಲವೆದ್ದಿತು. ದೂರು ಭಾರತೀಯ ಜಾಹೀರಾತು ಗುಣಮಟ್ಟ ಮಂಡಲಿಗೂ ಹೋಯಿತು. ಮಂಡಲಿಯ ಸಮಿತಿಯು ಪರಿಶೀಲಿಸಿ, ಅದರಲ್ಲಿ ಅಸಭ್ಯವಾದದ್ದಾಗಲಿ ಹೇಯವಾದದ್ದಾಗಲಿ ಏನೂ ಇಲ್ಲವೆಂದು ಏಕಾಭಿಪ್ರಾಯದಿಂದ ಹೇಳಿ ದೂರನ್ನು ತಳ್ಳಿಹಾಕಿತು. ಆದರೆ ಸಂಸ್ಥೆಯವರು ಅಷ್ಟು ಹೊತ್ತಿಗೆ ಜಾಹೀರಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದರು. ತಮ್ಮ ನೌಕರರ ಮತ್ತು ಅಂಗಡಿಗಳ ಸಿಬ್ಬಂದಿಯ ಕ್ಷೇಮವೂ ಅದಕ್ಕೆ ಕಾರಣವೆಂದು ತಿಳಿಸಿದರು.

ಆ ಕಥೆ ತಮಗೆ ಹಿಡಿಸಲಿಲ್ಲವೆಂದು ಹೇಳುವ ಹಕ್ಕು ಎಲ್ಲರಿಗೂ ಉಂಟು. ಆದರೆ ನಾವು ಕೇಳುವುದು ಇಷ್ಟೆ: ಅದರಲ್ಲಿ ಹೀನಳಾದವಳು ಯಾರು? ಸೊಸೆಯೇ? ಆಕೆಯನ್ನು ಆದರಿಸಿದ್ದಾರೆ. ಅತ್ತೆಯೇ? ಆಕೆಯ ಒಳ್ಳೆಯತನವನ್ನು ತೋರಿಸಿದ್ದಾರೆ. ಸೀಮಂತವೆಂಬ ಸಂಸ್ಕಾರವೇ? ಅದಕ್ಕೆ ಮರ್ಯಾದೆಯೇ ಸಂದಿದೆ. ಇಲ್ಲಿ ಸಿಟ್ಟಾದವರು ಅನೇಕರು. ಹೀನಾಯಕ್ಕೆ ಗುರಿಯಾದವರು ಯಾರೂ ಇಲ್ಲ. ಅಂಗಡಿಯಲ್ಲಿ ನಿಂತು ಸಂಬಳಕ್ಕೆ ದುಡಿಯುವ ಹುಡುಗನನ್ನು ಹೆದರಿಸಿ ಪಡೆದ ಜಯವು ದೂರಿನ ಜಯವಲ್ಲ, ಭಯದ ಜಯ. ಮರುಮಾತು ಮಾತಾಗಿರುವವರೆಗೆ ಮಾತ್ರ ಮರುಮಾತು.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡೋಣ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಎಂಬ ಮುಲಾಮನ್ನು ಬಲ್ಲದ ಮನೆ ನಮ್ಮ ದೇಶದಲ್ಲಿ ವಿರಳ. ಅದನ್ನು ಮಾಡುವ ಹಿಂದೂಸ್ತಾನ್ ಯೂನಿಲೀವರ್ ಸಂಸ್ಥೆಯ ಒಂದು ಸಂಶೋಧನಾ ಕೇಂದ್ರವು ನಮ್ಮ ನೆರೆಯ ವೈಟ್‌ಫೀಲ್ಡಿನಲ್ಲಿಯೇ ಇದೆ. ಈ ಮುಲಾಮಿನ ಒಂದು ಜಾಹೀರಾತಿನಲ್ಲಿ, ಸಂಸಾರ ತೂಗಿಸಲಾರದ ತಂದೆಯೊಬ್ಬನು ತನಗೆ ಮಗನಿದ್ದಿದ್ದರೆ ಎಂದು ಹಂಬಲಿಸುತ್ತಾನೆ; ಅದನ್ನು ಕೇಳಿದ ಮಗಳು ಮುಲಾಮನ್ನು ಹಚ್ಚಿ ಬೆಳ್ಳಗಾಗಿ, ವಿಮಾನದ ಪರಿಚಾರಿಕೆಯ ಕೆಲಸವನ್ನು ಸಂಪಾದಿಸಿ ತಂದೆಯ ಕೊರಗನ್ನು ನೀಗುತ್ತಾಳೆ. ಹೆಣ್ಣಾಗಿ ಹುಟ್ಟಿದ್ದು ಒಂದು ಕೊರತೆ, ಕಪ್ಪಾಗಿ ಹುಟ್ಟಿದ್ದು ಎರಡನೆಯ ಕೊರತೆ, ಓದು ಬರಹ ಬುದ್ಧಿಗಳು ಲೆಕ್ಕಕ್ಕೇ ಇಲ್ಲ ಎಂಬುದನ್ನು ಅರ್ಧ ನಿಮಿಷದಲ್ಲಿ ಇಷ್ಟು ಸ್ಪಷ್ಟವಾಗಿ ಬೋಧಿಸುವುದು ಯಾವ ಉಪಾಧ್ಯಾಯನಿಗೂ ಸಾಧ್ಯವಿಲ್ಲ.

ಜನವಾದಿ ಮಹಿಳಾ ಸಂಘಟನೆಯವರು ಇಂತಹ ಜಾಹೀರಾತುಗಳ ಮೇಲೆ ದೂರು ಕೊಟ್ಟರು. ಅವರು ಅಂಗಡಿಯ ಗಾಜನ್ನು ಒಡೆದು ಗೆಲ್ಲಲಿಲ್ಲ; ಸಂಸ್ಥೆಗೆ ಬರೆದರು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಹೋದರು. ಕಡೆಗೆ 2003ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕ್ರಮದಿಂದ ಎರಡು ಜಾಹೀರಾತುಗಳ ಪ್ರಸಾರ ನಿಂತಿತು. 2009ರಲ್ಲಿ ಚೆನ್ನೈನಲ್ಲಿ 'ಕಪ್ಪೂ ಸುಂದರ' ಎಂದು ಸಾರುವ ಚಳವಳಿಯೊಂದು ಹುಟ್ಟಿತು. ಮುಂದೆ ನಟಿ ನಂದಿತಾ ದಾಸ್ ಅವರು ಅದರೊಡನೆ ಸೇರಿದರು. 2014ರಲ್ಲಿ ಜಾಹೀರಾತು ಗುಣಮಟ್ಟ ಮಂಡಲಿಯು ನಿಯಮಗಳನ್ನು ಮಾಡಿ, ಕಪ್ಪು ಬಣ್ಣದವರನ್ನು ದುಃಖಿಗಳೆಂದೂ ಅನಾಕರ್ಷಕರೆಂದೂ ತೋರಿಸಕೂಡದು, ಬಣ್ಣದ ದೆಸೆಯಿಂದ ಮದುವೆಯಲ್ಲಿಯೋ ಉದ್ಯೋಗದಲ್ಲಿಯೋ ಹಿಂದೆ ಬಿದ್ದವರೆಂದು ಚಿತ್ರಿಸಕೂಡದು ಎಂದು ವಿಧಿಸಿತು. 2020ರಲ್ಲಿ, ಅಮೆರಿಕದಲ್ಲಿ ಕರಿಯರ ಮೇಲಿನ ಅನ್ಯಾಯವನ್ನು ಕುರಿತು ದೊಡ್ಡ ಆಂದೋಲನವೆದ್ದ ಕಾಲದಲ್ಲಿ, ಸಂಸ್ಥೆಯು ಮುಲಾಮಿನ ಹೆಸರಿನಿಂದ 'ಫೇರ್' ಎಂಬ ಮಾತನ್ನು ತೆಗೆದು 'ಗ್ಲೋ ಅಂಡ್ ಲವ್ಲಿ' ಎಂದು ಇಟ್ಟಿತು. 2003ರಿಂದ 2020ರವರೆಗೆ ಹದಿನೇಳು ವರ್ಷ. ದೂರು ನಿಧಾನವಾಗಿ ನಡೆಯುತ್ತದೆ, ಆದರೆ ನಡೆಯುತ್ತದೆ.

ಈ ಎರಡು ಪ್ರಸಂಗಗಳಿಂದ ಸಿದ್ಧಾಂತವು ತಾನಾಗಿಯೇ ಹೊರಡುತ್ತದೆ. 'ನನಗೆ ಸಿಟ್ಟು ಬಂದಿತೇ?' ಎಂಬುದು ದೂರಿಗೆ ಸಾಕಾದ ಕಾರಣವಲ್ಲ. 'ಈ ಚಿತ್ರದಲ್ಲಿ ಒಬ್ಬ ಮನುಷ್ಯನನ್ನು, ಅವನು ಹುಟ್ಟಿದಂತೆ ಇರುವ ಕಾರಣಕ್ಕಾಗಿಯೇ ಕೀಳುಮಾಡಿದ್ದಾರೆಯೇ?' ಎಂಬುದೇ ಕೇಳತಕ್ಕ ಪ್ರಶ್ನೆ. ಹೌದೆಂದು ಉತ್ತರ ಬಂದರೆ ದೂರು ಯುಕ್ತ; ಕೀಳಾದವನು ನಮ್ಮವನಲ್ಲದಿದ್ದರೂ ಯುಕ್ತ. ಇಲ್ಲವೆಂದು ಬಂದರೆ, ನಮ್ಮ ರುಚಿಯನ್ನು ನಮ್ಮಲ್ಲಿಯೇ ಇಟ್ಟುಕೊಂಡು ಪುಟವನ್ನು ಮಗುಚುವುದು ಲೇಸು.

ಯುಕ್ತವಾದ ದೂರಿಗೆ ಯುಕ್ತವಾದ ಉತ್ತರವೂ ಸಾಧ್ಯವೆಂಬುದಕ್ಕೆ ನಮ್ಮ ಊರಿನದೇ ನಿದರ್ಶನವುಂಟು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆಯು 2022ರ ಮಹಿಳಾ ದಿನಾಚರಣೆಯಂದು, ಗಿರಾಕಿಗಳ ಹಿರಿಮೆಯನ್ನು ಕೊಂಡಾಡುವ ನೆಪದಲ್ಲಿ ಅಡಿಗೆಮನೆಯ ಉಪಕರಣಗಳು 299 ರೂಪಾಯಿಯಿಂದ ದೊರೆಯುವುವೆಂದು ಸಂದೇಶ ಕಳುಹಿಸಿತು. ಸ್ತ್ರೀಯೆಂದರೆ ಒಲೆಯೇ ಎಂದು ಅನೇಕರು ಆಕ್ಷೇಪಿಸಿದರು. ಸಂಸ್ಥೆಯವರು ತಪ್ಪಾಯಿತೆಂದು ಬಹಿರಂಗವಾಗಿ ಕ್ಷಮೆ ಕೇಳಿದರು. ಆಡಿದವರೂ ಆಕ್ಷೇಪಿಸಿದವರೂ ಬಯಲಿನಲ್ಲಿಯೇ ಆಡಿದರು, ಅಲ್ಲಿಗೆ ಮುಗಿಯಿತು. ವ್ಯವಹಾರವು ಹೀಗಿರತಕ್ಕದ್ದು.

ಇಷ್ಟನ್ನು ಯೋಚಿಸಿಕೊಂಡು, ಮರುದಿನ ಸಾಯಂಕಾಲ ಕರಪತ್ರವನ್ನು ಜೇಬಿನಲ್ಲಿಟ್ಟು ನಾವೇ ಆ ಪಾರ್ಲರಿಗೆ ಹೋದೆವು. ಒಡತಿಯು ಮೂವತ್ತೈದರ ಪ್ರಾಯದ ಗೃಹಸ್ಥೆ. ಕುರ್ಚಿ ಕೊಟ್ಟು ಮರ್ಯಾದೆಯಿಂದ ಕೇಳಿದರು. ಆಕೆಯ ಬಣ್ಣವೂ ಕರಪತ್ರದ ಎಡಗಡೆಯ ಹುಡುಗಿಯದೇ. ಚಿತ್ರವನ್ನು ಆರಿಸಿದವರು ತಾವಲ್ಲವೆಂದೂ, ಅಚ್ಚುಮಾಡುವ ಅಂಗಡಿಯವರೇ ಹಾಕಿಕೊಟ್ಟರೆಂದೂ ಹೇಳಿದರು. ಕಡೆಗೆ, "ಎಲ್ಲರೂ ಹೀಗೇ ಹಾಕಿಸುತ್ತಾರೆ ಸಾರ್" ಎಂದರು.

ಆ ಮಾತು ನಮ್ಮ ಬಾಯನ್ನು ಕಟ್ಟಿತು. ಅದನ್ನು ನಾವು ಹಿಂದೆ ಕೇಳಿದ್ದೆವು. ಕೇಳಿದ್ದೆವೆಂದರೆ ತಪ್ಪು, ನಾವೇ ಆಡಿದ್ದೆವು.

ಹನ್ನೆರಡು ವರ್ಷಗಳ ಹಿಂದೆ ನಮ್ಮ ಮಗಳಿಗೆ ವರನನ್ನು ಹುಡುಕುತ್ತಿದ್ದಾಗ, ಪತ್ರಿಕೆಯ ವಧೂವರರ ಅಂಕಣಕ್ಕೆ ನಾಲ್ಕು ಸಾಲು ಬರೆದು ಕೊಟ್ಟಿದ್ದೆವು. ನಮ್ಮ ಮಗಳು ಕಪ್ಪು. ನಾವು 'ಗೋಧಿಬಣ್ಣ' ಎಂದು ಬರೆದೆವು. ಕಳುಹಿಸುವ ಮೊದಲು ಅವಳು ಅದನ್ನು ಓದಿ, "ಅಪ್ಪಾ, ಗಂಡಿನ ಕಡೆಯವರು ಬಂದು ನನ್ನನ್ನು ನೋಡುವುದಿಲ್ಲವೇ?" ಎಂದು ಕೇಳಿದಳು. "ಎಲ್ಲರೂ ಹೀಗೇ ಹಾಕಿಸುತ್ತಾರಮ್ಮ" ಎಂದೆವು. ಅವಳು ಕಾಗದವನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ವೇದವ್ಯಾಸರಿಗೆ ಕೃಷ್ಣನೆಂಬ ಹೆಸರು ಮೈಬಣ್ಣದಿಂದ ಬಂದಿತೆಂದೂ, ದ್ರೌಪದಿಯನ್ನು ಕೃಷ್ಣೆಯೆಂದು ಕರೆದದ್ದು ಅವಳು ಶ್ಯಾಮಲೆಯಾದುದರಿಂದಲೆಂದೂ, ಆದರೂ ಅವಳ ಸೌಂದರ್ಯಕ್ಕೆ ಆ ಕಾಲದಲ್ಲಿ ಸಮಾನವಿರಲಿಲ್ಲವೆಂದೂ ವರ್ಷ ವರ್ಷವೂ ತರಗತಿಯಲ್ಲಿ ಹೇಳುತ್ತಿದ್ದ ಉಪಾಧ್ಯಾಯನು, ಮನೆಯಲ್ಲಿ ಲೇಖನಿಯನ್ನು ಹಿಡಿದು ಮಾಡಿದ ಕೆಲಸ ಇದು. ಅದೂ ಜಾಹೀರಾತೇ. ಅದರ ಮೇಲೆ ದೂರು ಕೊಟ್ಟವಳು ಒಬ್ಬಳೇ. ಆ ದೂರನ್ನು ತಳ್ಳಿಹಾಕಿದವರು ನಾವು.

ಮುಲಾಮನ್ನು ಮಾರುವವರು, 'ಆಸೆಯನ್ನು ನಾವು ಹುಟ್ಟಿಸಲಿಲ್ಲ. ಜನರಲ್ಲಿ ಇದ್ದ ಆಸೆಗೆ ಸರಕು ಒದಗಿಸಿದೆವು' ಎಂದು ಹೇಳಬಹುದು. ಆ ಮಾತು ಪೂರ್ತಿ ಸುಳ್ಳಲ್ಲ. ಹಾಗೆಂದು ಅವರ ಮೇಲಿನ ದೂರು ಬಿದ್ದುಹೋಗುವುದಿಲ್ಲ. ಇದ್ದ ನೋವಿಗೆ ಉಪ್ಪು ಸವರಿ ಹಣಮಾಡುವುದು ತಪ್ಪೇ. ಆದರೆ ದೂರನ್ನು ಬರೆಯುವ ಕೈ ತನ್ನ ಮನೆಯ ಕಾಗದವನ್ನೂ ಒಮ್ಮೆ ತಿರುಗಿಸಿ ನೋಡಬೇಕು. ಇದನ್ನೆಲ್ಲ ನಾವು ಪಾರ್ಲರಿನ ಆ ಸೋದರಿಗೂ ಹೇಳಿದೆವು, ನಮ್ಮ ನಾಲ್ಕು ಸಾಲಿನ ಕಥೆಯನ್ನೂ ಸೇರಿಸಿ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಚಿಕ್ಕವಯಸ್ಸಿನಲ್ಲಿ ತಮ್ಮ ತಾಯಿ ತಮಗೆ ಕಡಲೆಹಿಟ್ಟು ಹಚ್ಚಿ ತಿಕ್ಕುತ್ತಿದ್ದುದನ್ನು ನೆನೆದರು. ಅಚ್ಚಾದ ಕರಪತ್ರಗಳಲ್ಲಿ ಇನ್ನೂ ಎರಡು ಕಟ್ಟು ಉಳಿದಿವೆ, ಅವುಗಳಿಗೆ ಹಣ ಕೊಟ್ಟಾಗಿದೆ ಎಂದರು. ಮುಂದಿನ ಬಾರಿ ಮುಖಗಳನ್ನು ಬಿಟ್ಟು ಕೆಲಸಗಳ ಪಟ್ಟಿಯನ್ನು ಮಾತ್ರ ಹಾಕಿಸುವುದಾಗಿ ಹೇಳಿದರು. ಉಳಿದ ಎರಡು ಕಟ್ಟುಗಳನ್ನು ಏನು ಮಾಡುವರೆಂದು ನಾವು ಕೇಳಲಿಲ್ಲ.

ಈಗ ಗೃಹಸ್ಥರ ಉಪಯೋಗಕ್ಕಾಗಿ ನಾಲ್ಕು ಮಾತು. ಚಿಕ್ಕ ವರ್ತಕರಾದರೆ ಮೊದಲು ಹೋಗಿ ಮುಖತಃ ಮಾತನಾಡಿರಿ. ಅವರಲ್ಲಿ ಅನೇಕರಿಗೆ ತಾವು ಏನು ಅಚ್ಚುಮಾಡಿಸಿದ್ದೇವೆಂಬುದೇ ತಿಳಿದಿರುವುದಿಲ್ಲ. ದೊಡ್ಡ ಸಂಸ್ಥೆಗಳಾದರೆ, 1985ರಲ್ಲಿ ಸ್ಥಾಪಿತವಾಗಿ ಮುಂಬಯಿಯಲ್ಲಿರುವ ಭಾರತೀಯ ಜಾಹೀರಾತು ಗುಣಮಟ್ಟ ಮಂಡಲಿಗೆ ಬರೆಯಬಹುದು. ಇದು ಜಾಹೀರಾತಿನ ಉದ್ಯಮದವರೇ ಕಟ್ಟಿಕೊಂಡ ಸಂಸ್ಥೆ. ಸಾಮಾನ್ಯ ಗ್ರಾಹಕರಿಂದ ಶುಲ್ಕವಿಲ್ಲ. ಸತ್ಯತೆ, ಸಭ್ಯತೆ, ಹಾನಿಕರವಾದ ವಸ್ತುಗಳು, ವರ್ತಕರೊಳಗಿನ ನ್ಯಾಯವಾದ ಸ್ಪರ್ಧೆ ಎಂಬ ನಾಲ್ಕು ಅಧ್ಯಾಯಗಳುಳ್ಳ ಸಂಹಿತೆಯೊಂದನ್ನು ಇಟ್ಟುಕೊಂಡು ಇವರು ವಿಚಾರಣೆ ನಡೆಸುತ್ತಾರೆ. ಜಾಹೀರಾತು ಮನಸ್ಸನ್ನು ನೋಯಿಸುವುದಲ್ಲದೆ ಸುಳ್ಳನ್ನೂ ಹೇಳುತ್ತಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ರಚಿತವಾದ ಕೇಂದ್ರ ಪ್ರಾಧಿಕಾರವು ಮೊದಲ ಬಾರಿಗೆ 10 ಲಕ್ಷ ರೂಪಾಯಿಯವರೆಗೂ, ಮತ್ತೆ ಮಾಡಿದರೆ 50 ಲಕ್ಷದವರೆಗೂ ದಂಡ ವಿಧಿಸಬಹುದು. ಗ್ರಾಹಕರ ಸಹಾಯವಾಣಿಯ ಸಂಖ್ಯೆ 1915. ಯಾರಿಗೆ ಬರೆದರೂ ಜಾಹೀರಾತಿನ ಪ್ರತಿಯನ್ನೋ ಚಿತ್ರವನ್ನೋ ಲಗತ್ತಿಸಿ, ಎಲ್ಲಿ, ಯಾವ ದಿನ ಕಂಡಿರೆಂದು ತಿಳಿಸಿರಿ. ಬೈಗುಳು ಬೇಡ. ಯಾರು ಕೀಳಾದರು, ಹೇಗೆ ಕೀಳಾದರು ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಲು ಸಾಧ್ಯವಾಗದಿದ್ದರೆ, ಆ ದೂರನ್ನು ಕಳುಹಿಸುವ ಮೊದಲು ಒಂದು ರಾತ್ರಿ ತಡೆಯಿರಿ.

ಮುಂದಿನ ಭಾನುವಾರ ಮೊಮ್ಮಗಳು ಮತ್ತೆ ಬಂದಳು. ಈ ಸಲ ನಾವು ಅವಳನ್ನು ಕೂರಿಸಿಕೊಂಡು, ಕೃಷ್ಣೆಯೆಂದರೆ ಯಾರು, ಅವಳ ಬಣ್ಣ ಯಾವುದು ಎಂಬುದನ್ನು ಹೇಳಿದೆವು. ಎಲ್ಲವನ್ನೂ ಕೇಳಿ, "ಹಾಗಾದರೆ ದ್ರೌಪದಿ ಅಳಲೇ ಇಲ್ವಾ ತಾತ?" ಎಂದು ಕೇಳಿದಳು. "ಅತ್ತಳು ಮಗು, ಬಣ್ಣಕ್ಕಾಗಿ ಅಲ್ಲ. ಅತ್ತು ಸುಮ್ಮನಾಗಲಿಲ್ಲ, ತುಂಬಿದ ಸಭೆಯಲ್ಲಿ ಇದು ನ್ಯಾಯವೇ ಎಂದು ಕೇಳಿದಳು" ಎಂದೆವು. "ಯಾರು ಉತ್ತರ ಹೇಳಿದರು?" ಎಂದಳು. ಹಿರಿಯರಲ್ಲಿ ಹೆಚ್ಚಿನವರು ತಲೆ ತಗ್ಗಿಸಿ ಕುಳಿತಿದ್ದರೆಂದೂ, ಅವಳ ಪರವಾಗಿ ಎದ್ದು ಮಾತನಾಡಿದವನು ಕಿರಿಯನಾದ ವಿಕರ್ಣನೆಂದೂ ಹೇಳಬೇಕಾಯಿತು.

ನಮ್ಮ ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಹನ್ನೆರಡು ವರ್ಷಗಳ ಹಿಂದಿನ ಆ ಕಾಗದದ ವಿಷಯವನ್ನು ಅಂದು ಅವಳೊಡನೆ ಎತ್ತಿದೆವು, ತಪ್ಪಾಯಿತೆಂದು ಹೇಳಿದೆವು. "ನನಗೆ ನೆನಪಿದೆ ಅಪ್ಪಾ" ಎಂದಳು, ಮತ್ತೇನೂ ಹೇಳಲಿಲ್ಲ. ದೂರುಗಳು ಯುಕ್ತವೇ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ಕೀಳಾದವರ ಪರವಾಗಿ ಹೇಳಿದ ದೂರು ಯುಕ್ತ, ಅದನ್ನು ಹೊತ್ತಿಗೆ ಸರಿಯಾಗಿ ಹೇಳುವುದೂ, ಹೊತ್ತಿಗೆ ಸರಿಯಾಗಿ ಕೇಳುವುದೂ ಹಿರಿಯರಾದವರ ಕೆಲಸ.